ಮೂವತ್ತೆರಡು ಅಂಗುಲ

ನನ್ನ ಕಾಲು ಹೇಗೆ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ. ಕಾಲು ಹೋದ ಮೇಲೆ ಮನೆಯಿಂದ ಹೊರಗೆ ಹೇಗೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಮೊದಲನೆಯದು ನನ್ನ ಕೈಲಿರಲಿಲ್ಲ, ಎರಡನೆಯದು ಇತ್ತು. ನನ್ನ ಹಾಗೆ ಒಳಗೇ ಕುಳಿತು ಬಾಗಿಲು ನೋಡುತ್ತಿರುವವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಾಲಹಳ್ಳಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು, ಅಲ್ಲಿನ ನೌಕರರಿಗೆ ಸಾಲುಸಾಲು ಕ್ವಾರ್ಟರ್ಸ್ ಬೇಕಾಗಿದ್ದವು. ಆ ಮನೆಗಳ ಕೆಲಸ ಹಿಡಿದಿದ್ದ ಕಂಪನಿಯೊಂದರ ನಕ್ಷೆ ಕೊಠಡಿಯಲ್ಲಿ ನಾನು ಟ್ರೇಸರ್ ಆಗಿದ್ದೆ. ದೊಡ್ಡವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಕಪ್ಪು ಶಾಯಿಯಲ್ಲಿ ತಿದ್ದುವುದು ಟ್ರೇಸರ್ ಕೆಲಸ. ನನ್ನ ಗೆರೆ ಕೂದಲಿನಷ್ಟು ಸಣ್ಣಗೆ, ಎಲ್ಲೂ ನಡುಗದೆ ಬರುತ್ತಿತ್ತು. ಆಗ ನನಗೆ ಇಪ್ಪತ್ತೆರಡು ವರ್ಷ, ಹೆಸರು ಸರೋಜ. ಅಪ್ಪ ಪುಟ್ಟಾಚಾರಿ ಊರಿನ ಬಡಗಿ. ಜಾಲಹಳ್ಳಿಯ ಹಳೆಯ ಮನೆಗಳ ಅರ್ಧದಷ್ಟು ಬಾಗಿಲುಗಳು ಅವನ ಕೈಯವೇ. ಅವ್ವನ ಹೆಸರು ವೆಂಕಮ್ಮ. ಅವರಿಗೆ ನಾನೊಬ್ಬಳೇ ಮಗಳು.

ಬೆನ್ನುನೋವು ಬಂದಾಗ ಬಗ್ಗಿ ಕೆಲಸ ಮಾಡುವುದರಿಂದ ಬಂದದ್ದು ಎಂದುಕೊಂಡೆವು. ಅವ್ವ ಹರಳೆಣ್ಣೆ ತಿಕ್ಕಿದಳು. ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತಿತ್ತು. ಒಂದು ದಿನ ಕಚೇರಿಯಿಂದ ಬರುವಾಗ ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು, ಬಿದ್ದದ್ದು ನನಗೆ ತಿಳಿಯಲೇ ಇಲ್ಲ. ಅವ್ವ ಬರಿಗಾಲು ನೋಡಿ, "ಚಪ್ಲಿ ಎಲ್ಲೇ?" ಎಂದು ಕೇಳಿದಾಗ ಬಗ್ಗಿ ನೋಡಿದೆ. ಕಾಲು ರಕ್ತವಾಗಿತ್ತು, ನೋವಿರಲಿಲ್ಲ. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ.

ದೊಡ್ಡಾಸ್ಪತ್ರೆಯ ಹೊರರೋಗಿಗಳ ಬೆಂಚಿನ ಮೇಲೆ ಮೂರು ದಿನ ಕುಳಿತೆವು. ಮೊದಲ ದಿನ ಚೀಟಿಗೆ, ಎರಡನೆಯ ದಿನ ಎಕ್ಸ್‌ರೇಗೆ, ಮೂರನೆಯ ದಿನ ಆ ಎಕ್ಸ್‌ರೇ ಒಣಗಿ ಡಾಕ್ಟರ ಮೇಜು ಸೇರುವುದಕ್ಕೆ. ಅವ್ವ ಬುತ್ತಿ ಬಿಚ್ಚಿ ಪಕ್ಕದವರಿಗೂ ಕೊಟ್ಟಳು. ಅಪ್ಪ ಏನೂ ತಿನ್ನಲಿಲ್ಲ. ಎದುರಿನ ಬಾಗಿಲ ಚೌಕಟ್ಟನ್ನೇ ನೋಡುತ್ತ, "ಮೂಲೆ ಕೂಡ್ಸಿರೋದು ಸರ್ಯಾಗಿಲ್ಲ," ಎಂದ. ಮೂರು ದಿನದಲ್ಲಿ ಅವನಾಡಿದ ಮಾತು ಅದೊಂದೇ.

ಕೊನೆಗೆ ಡಾಕ್ಟರಮ್ಮ ಕರೆದರು. ಬೆನ್ನುಮೂಳೆಗೆ ಕ್ಷಯ ತಗುಲಿದೆ ಎಂದರು.

"ಕೆಮ್ಮೇ ಇಲ್ವಲ್ಲ ತಾಯಿ," ಅಂದಳು ಅವ್ವ.

"ಮೂಳೆಗೂ ಬರತ್ತಮ್ಮ. ಔಷಧಿ ಇದೆ, ಹುಡುಗಿ ಉಳೀತಾಳೆ. ಆದ್ರೆ ತಿಂಗಳುಗಟ್ಟಲೆ ಅಲುಗಾಡದೆ ಮಲಗಿರ್ಬೇಕು."

ಅವ್ವ ಕೇಳಿಸಿಕೊಂಡದ್ದು 'ಕ್ಷಯ' ಎಂಬ ಮಾತೊಂದನ್ನೇ. ಊರಿನಲ್ಲಿ ಆ ಮಾತನ್ನು ಜೋರಾಗಿ ಹೇಳುತ್ತಿರಲಿಲ್ಲ. ಅವಳು ನೆರೆಯವರಿಗೆಲ್ಲ "ಬೆನ್ನು ಉಳುಕಿದೆ" ಎಂದು ಹೇಳಿದಳು. ಹೇಗೋ ಗೊತ್ತಾಯಿತು. ನಮ್ಮ ಮನೆಯ ಲೋಟದಲ್ಲಿ ಯಾರೂ ನೀರು ಕುಡಿಯದ ಹಾಗಾಯಿತು.

ನನ್ನನ್ನು ಬೋರಲು ಮಲಗಿಸಿ, ಬೆನ್ನಿನ ಅಳತೆಗೆ ಪ್ಲಾಸ್ಟರ್ ಹಾಕಿ, ತೊಟ್ಟಿಲಿನಂಥ ಒಂದು ಹಾಸಿಗೆ ಮಾಡಿದರು. ಅದರಲ್ಲಿ ಒಂಬತ್ತು ತಿಂಗಳು ಅಂಗಾತ ಮಲಗಿದ್ದೆ. ದಿನಾ ಚುಚ್ಚುಮದ್ದು. ಕಾಣುತ್ತಿದ್ದದ್ದು ಸೂರು, ಪಂಖ, ಗೋಡೆಯ ಮೇಲಿನ ಅರ್ಧ. ಯಾರು ಬಂದರು, ಯಾರು ಹೋದರು ಎಂದು ಕಾಲ ಸಪ್ಪಳದಿಂದ ಊಹಿಸಬೇಕು.

ಪಕ್ಕದ ಹಾಸಿಗೆಯ ಜೈತೂನ್ ಬಿ ತಣಿಸಂದ್ರದವರು. ಅವರಿಗೂ ಇದೇ ಕಾಯಿಲೆ, ನನಗಿಂತ ಮೂರು ತಿಂಗಳು ಹಿರಿಯ ರೋಗಿ. ಎರಡನೆಯ ದಿನವೇ ಅವರು ತಮ್ಮ ತಲೆದಿಂಬಿನ ಅಡಿಯಿಂದ ಅಂಗೈಯಗಲದ ಕನ್ನಡಿಯೊಂದನ್ನು ತೆಗೆದು ನರ್ಸ್ ಕೈಲಿ ನನಗೆ ಕಳಿಸಿದರು.

"ಇದು ಎತ್ತಿ ಹಿಡಿ ಬೇಟಿ, ಓರೆ ಮಾಡು. ದರ್ವಾಜಾ ಕಾಣ್ತದೆ. ಯಾರು ಬರ್ತಾರೆ ನೋಡ್ಕೊ, ನಗು ರೆಡಿ ಮಾಡ್ಕೊ."

"ನಿಮಗೆ ಬೇಡ್ವಾ?"

"ನನ್ನ ಹತ್ರ ಇನ್ನೊಂದದೆ. ನಮ್ಮ ಮನೆಯೋರೆಲ್ಲ ಬಂದ್ರೆ ಎರಡೂ ಸಾಲಲ್ಲ."

ಆ ಕನ್ನಡಿಯಲ್ಲಿ ನಾನು ಮೊದಲು ನೋಡಿದ್ದು ಅಪ್ಪನನ್ನು. ವಾರ್ಡಿನ ಬಾಗಿಲಲ್ಲಿ ನಿಂತು ವಲ್ಲಿಯಿಂದ ಮುಖ ಒರೆಸಿಕೊಂಡು, ಆಮೇಲೆ ನಗುತ್ತ ಒಳಗೆ ಬಂದ. ತಾನು ಅಳುವುದನ್ನು ಮಗಳು ನೋಡಿದಳೆಂದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನಾನು ಬಂದ ಐದನೆಯ ತಿಂಗಳು ಜೈತೂನ್ ಬಿ ಎದ್ದು ನಿಂತರು. ಆರನೆಯ ತಿಂಗಳು ಗೋಡೆ ಹಿಡಿದು ನಡೆದು ಮನೆಗೆ ಹೋದರು. ನನಗೆ ಸಂತೋಷವಾಗಲಿಲ್ಲ, ಹೊಟ್ಟೆ ಉರಿಯಿತು. ಅದನ್ನು ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳುತ್ತೇನೆ. ಹೊರಡುವ ಮುಂಚೆ ಅವರು ನನ್ನ ಹಣೆ ಮುಟ್ಟಿ, "ಬೈಕೊ, ಪರವಾಗಿಲ್ಲ. ನಾನೂ ನನ್ನ ಮುಂಚೆ ಹೋದೋಳನ್ನ ಬೈದಿದ್ದೆ," ಅಂದರು. ಆಗ ಅತ್ತುಬಿಟ್ಟೆ.

ನನ್ನ ಮೂಳೆ ವಾಸಿಯಾಯಿತು, ಜ್ವರ ನಿಂತಿತು, ಮೈ ತುಂಬಿಕೊಂಡಿತು. ಎರಡೂ ಕಾಲಿಗೆ ಶಕ್ತಿ ಮಾತ್ರ ಬರಲಿಲ್ಲ. ಒಂಬತ್ತನೆಯ ತಿಂಗಳು ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. ಅವರು ಯಾವತ್ತೂ ನಿಂತೇ ಮಾತಾಡುವವರು. ಕುಳಿತದ್ದನ್ನು ನೋಡಿಯೇ ನನಗೆ ಅರ್ಥವಾಯಿತು.

"ಸರೋಜ, ಕಾಯಿಲೆ ಹೋಗಿದೆ. ಅದು ಮಾಡಿ ಹೋದ ಹಾನಿ ಉಳಿದಿದೆ. ಕಾಲಿಗೆ ಇನ್ನು ಕಾಯಬೇಡ. ಕೈ ನೋಡ್ಕೊ."

ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು. ಅಪ್ಪ ಜೇಬಿನಿಂದ ಮಡಿಚುವ ಅಡಿಕೋಲು ತೆಗೆದ. ವಾರ್ಡಿನ ಮೂಲೆಯಲ್ಲಿ ಯಾರೋ ದಾನ ಕೊಟ್ಟ ಹಳೆಯ ಬೆತ್ತದ ಗಾಲಿಕುರ್ಚಿಯೊಂದು ಮುರಿದು ಬಿದ್ದಿತ್ತು. ಅದರ ಮುಂದೆ ಮಂಡಿಯೂರಿ ಒಂದೊಂದೇ ಭಾಗ ಅಳೆದ. ಆಮೇಲೆ ನನ್ನ ಹತ್ತಿರ ಬಂದು, "ಸೊಂಟದಗಲ ಒಸಿ ನೋಡ್ತೀನಿ ಕಣವ್ವ," ಅಂದ.

ನಾನು ಮನೆಗೆ ಬರುವಷ್ಟರಲ್ಲಿ ಕುರ್ಚಿ ತಯಾರಾಗಿತ್ತು. ತೇಗದ ಚೌಕಟ್ಟು, ಎರಡು ಸೈಕಲ್ ಚಕ್ರ, ಮುಂದೆ ಎರಡು ಸಣ್ಣ ಗಾಲಿ, ಬಾರು ಹೆಣೆದ ಆಸನ. ಅಂಥ ಕುರ್ಚಿಯನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಆದರೂ ಎಣ್ಣೆ ಹಾಕಿದ ಬಂಡಿಯ ಹಾಗೆ ಓಡುತ್ತಿತ್ತು. ಬೀದಿಯವರೆಲ್ಲ ನೋಡಲು ಬಂದರು. ಅಪ್ಪ ಮೀಸೆ ತಿರುವಿಕೊಂಡ. ಆಮೇಲೆ ಕುರ್ಚಿಯನ್ನು ಹೊಸ್ತಿಲ ಮೇಲೆತ್ತಿ ನನ್ನನ್ನು ಮನೆಯೊಳಗೆ ತಳ್ಳಲು ಹೋದ, ಕುರ್ಚಿ ಬಾಗಿಲಲ್ಲಿ ಸಿಕ್ಕಿಕೊಂಡಿತು.

ಚೌಕಟ್ಟಿನ ಒಳ ಅಗಲ ಇಪ್ಪತ್ತೇಳು ಅಂಗುಲ, ಕುರ್ಚಿ ಇಪ್ಪತ್ತಾರು. ಅಪ್ಪ ಲೆಕ್ಕ ಹಾಕಿಯೇ ಮಾಡಿದ್ದ. ತೆರೆದ ಬಾಗಿಲಿನ ದಪ್ಪ ಆ ಅಗಲದಲ್ಲಿ ಒಂದೂವರೆ ಅಂಗುಲ ತಿನ್ನುತ್ತದೆ ಎಂಬುದನ್ನು ಮರೆತಿದ್ದ. ನಲವತ್ತು ವರ್ಷ ಬಾಗಿಲು ಮಾಡಿದವನು! ಚಕ್ರ ತಿರುಗಿಸುವ ನನ್ನ ಕೈಗಳಿಗೂ ಜಾಗ ಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಆ ದಿನ ಎತ್ತಿಕೊಂಡೇ ಒಳಗೆ ಹೋದರು. ಮಾರನೆಯ ದಿನ ಅಪ್ಪ ಬಾಗಿಲನ್ನು ಕೀಲಿನಿಂದ ಬಿಚ್ಚಿ ಪಕ್ಕಕ್ಕಿಟ್ಟ. ನಾನು ಒಳಗಿನಿಂದ ಕುರ್ಚಿಯನ್ನು ಚೌಕಟ್ಟಿನೊಳಕ್ಕೆ ನುಗ್ಗಿಸಿದೆ. ಎರಡೂ ಕೈಯ ಗೆಣ್ಣು ತರಚಿ ರಕ್ತ ಬಂತು. ಅಲ್ಲೇ ಗಾಲಿಗೆ ಹೊಸ್ತಿಲು ಅಡ್ಡ ಬಂತು, ಆರು ಅಂಗುಲ ಎತ್ತರದ್ದು.

"ಕುಯ್ದು ತೆಗ್ದುಬಿಡ್ತೀನಿ," ಎಂದ ಅಪ್ಪ.

ಅವ್ವ ಎದ್ದು ಬಂದು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. "ಒಸ್ತಿಲು ಕುಯ್ಯೋದು ಅಂದ್ರೇನು? ಮದ್ವೆಯಾಗಿ ಬಂದಾಗ್ಲಿಂದ ಅರಿಶಿನ ಅಚ್ಚಿದೀನಿ. ಲಕ್ಷ್ಮಿ ಕೂತಿರೋ ಜಾಗ ಅದು. ಇಂಗೆ ಮಾಡಿದ್ರೆ ಮನೇಲಿ ಇನ್ನೇನು ಉಳೀತದೆ?"

ಅಪ್ಪ ಗರಗಸ ಕೆಳಗಿಟ್ಟ. ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೆ ಉಳಿದಿದ್ದದ್ದು ಅಷ್ಟೇ ಎಂದು ಅನಿಸಿತು. ಎರಡು ತಿಂಗಳು ನಾನು ಒಳಗೇ ಇದ್ದೆ.

ಒಂದು ಮಧ್ಯಾಹ್ನ ಅವ್ವ ಬಾವಿಗೆ ಹೋಗಿದ್ದಳು, ಅಪ್ಪ ಕೆಲಸಕ್ಕೆ. ಒಲೆಯ ಕೆಂಡವೊಂದು ಸಿಡಿದು ಪಕ್ಕದ ಗೋಣಿಚೀಲಕ್ಕೆ ಹತ್ತಿತು. ಮೊದಲು ಹೊಗೆ, ಆಮೇಲೆ ಉರಿ. ಕುರ್ಚಿ ತಿರುಗಿಸಿಕೊಂಡು ಬಾಗಿಲಿಗೆ ಬಂದೆ, ಗಾಲಿ ಹೊಸ್ತಿಲಿಗೆ ಬಡಿದು ನಿಂತಿತು. ಹಿಂದೆ ಸರಿದು ಮತ್ತೆ ಬಡಿದೆ. ಬೀದಿ ಕಣ್ಣೆದುರಿಗೆ ಇತ್ತು, ಬಿಸಿಲು ನನ್ನ ಮಡಿಲ ಮೇಲೆ ಬೀಳುತ್ತಿತ್ತು. ಆರು ಅಂಗುಲದ ಮರ ದಾಟಲಾಗಲಿಲ್ಲ. ಕೂಗಿದೆ. ಅವ್ವ ಕೊಡ ಬಿಸಾಕಿ ಓಡಿ ಬಂದು, ನನ್ನ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಹೊಸ್ತಿಲು ಹಾರಿ, ಹಂಡೆಯ ನೀರು ಸುರಿದು ಬೆಂಕಿ ಆರಿಸಿದಳು. ಚೀಲವೊಂದು ಸುಟ್ಟಿತ್ತು, ಅಷ್ಟೇ. ಆದರೆ ಅವಳು ಹೊಸ್ತಿಲ ಮೇಲೆ ಗಾಲಿ ಬಡಿದ ಗುರುತುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಎಂಟೋ ಹತ್ತೋ ಇದ್ದವು.

ಅಪ್ಪ ಬಂದೊಡನೆ ಅವಳೇ ಗರಗಸ ತಂದು ಕೈಗೆ ಕೊಟ್ಟಳು. "ಕುಯ್ಯಿ. ಲಕ್ಷ್ಮಿ ಇಲ್ಲೇ ಇವಳೆ, ಚಕ್ರದ ಮೇಲೆ ಕೂತವಳೆ."

ಅಪ್ಪ ಹೊಸ್ತಿಲು ತೆಗೆದು, ಅದೇ ಮರದ ಪಟ್ಟಿಯೊಂದನ್ನು ನೆಲಕ್ಕೆ ಸಮವಾಗಿ ಕೂರಿಸಿದ. ಅವ್ವ ಅದಕ್ಕೇ ಅರಿಶಿನ ಹಚ್ಚಿದಳು. ಅಂದಿನಿಂದ ಪ್ರತಿ ಶುಕ್ರವಾರ ನನ್ನ ಚಕ್ರಗಳು ಮನೆ ತುಂಬ ಎರಡು ಹಳದಿ ಗೆರೆ ಎಳೆಯುತ್ತಿದ್ದವು. ಅವ್ವ ಅದನ್ನು ಒರೆಸಲಿಲ್ಲ.

ಅಂದು ಸಂಜೆ ಅಪ್ಪ, "ಇನ್ನು ಎಲ್ಲೆಲ್ಲಿ ಕುಯ್ಬೇಕು, ನೀನೇ ಏಳವ್ವ," ಎಂದ. ಆಗ ನನ್ನ ಕೈಗೆ ಕೆಲಸ ಸಿಕ್ಕಿತು. ಹಲಗೆ, ಕಾಗದ, ಪೆನ್ಸಿಲು ತರಿಸಿದೆ. ನಮ್ಮ ಮನೆಯ ನಕ್ಷೆ ಬರೆದೆ, ಅಡಿಗೆ ಅರ್ಧ ಅಂಗುಲದಂತೆ. ಒಂದು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಅದೇ ಅಳತೆಗೆ ನನ್ನ ಕುರ್ಚಿಯನ್ನು ಕತ್ತರಿಸಿ, ಗುಂಡುಸೂಜಿ ಚುಚ್ಚಿ, ನಕ್ಷೆಯ ಮೇಲೆ ಓಡಿಸಿದೆ. ಕಾಗದದ ಕುರ್ಚಿ ಎಲ್ಲಿ ಗೋಡೆ ದಾಟುತ್ತದೋ ಅಲ್ಲಿ ನಿಜವಾದ ಕುರ್ಚಿ ಸಿಕ್ಕಿಕೊಳ್ಳುತ್ತದೆ. ಅದನ್ನು ಅಪ್ಪ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ, ನಾನು ಕುರ್ಚಿಯಲ್ಲಿ ಓಡಾಡಿ ನೋಡಿದೆ.

ಹೀಗೆ ಒಂದು ಮಳೆಗಾಲವಿಡೀ ನಾವಿಬ್ಬರೂ ಕಲಿತೆವು. ಬಾಗಿಲು ಪೂರ್ತಿ ತೆರೆದ ಮೇಲೆ ಮೂವತ್ತೆರಡು ಅಂಗುಲ ಖಾಲಿ ಉಳಿದರೆ ಗೆಣ್ಣು ತರಚುವುದಿಲ್ಲ. ಒಂದೇ ಕಡೆ ನಿಂತು ಪೂರ್ತಿ ಹಿಂದಿರುಗಲು ಐದಡಿಯ ಸುತ್ತು ಬೇಕು. ಬಾಗಿಲನ್ನು ನನ್ನ ಕಡೆಗೆ ಎಳೆಯಬೇಕಾದರೆ ಹಿಡಿಯ ಪಕ್ಕದಲ್ಲಿ ಒಂದೂವರೆ ಅಡಿ ಬರಿ ಗೋಡೆ ಇರಬೇಕು, ಇಲ್ಲದಿದ್ದರೆ ನಾನೇ ನನ್ನ ಬಾಗಿಲಿಗೆ ಅಡ್ಡ. ಒಂದಂಗುಲ ಎತ್ತರ ಏರಲು ಒಂದಡಿ ಉದ್ದದ ಇಳಿಜಾರು. ಅದಕ್ಕಿಂತ ಕಡಿದಾದರೆ ಕೈ ಸೋಲುತ್ತದೆ. ಇದನ್ನೆಲ್ಲ ಯಾವ ಪುಸ್ತಕವೂ ನಮಗೆ ಹೇಳಿಕೊಡಲಿಲ್ಲ. ಬಡಗಿಯ ಅಡಿಕೋಲು ಮತ್ತು ನನ್ನ ತೋಳು ಹೇಳಿದವು.

ಮನೆಯಲ್ಲಿ ಓಡಾಡುವಂತಾದ ಮೇಲೆ ಕಚೇರಿಗೆ ಕಾಗದ ಬರೆದೆ. ನನಗೆ ಕೆಲಸ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, "ಪಾಪ" ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳದೆ ಇರುವ ಒಂದು ಜಾಗ ಬೇಕಿತ್ತು. ಮುಖ್ಯ ನಕ್ಷೆಗಾರರಾದ ಗುಂಡೂರಾಯರು "ಒಮ್ಮೆ ಬನ್ನಿ" ಎಂದು ಉತ್ತರ ಬರೆದರು.

ಅಪ್ಪ ಜೊತೆಗೆ ಬಂದ, ಆದರೆ ತಳ್ಳಲಿಲ್ಲ. ಒಂದು ಮೈಲಿ ಟಾರು ರಸ್ತೆಯನ್ನು ನಾನೇ ಚಕ್ರ ತಿರುಗಿಸಿಕೊಂಡು ಹೋದೆ. ಕಚೇರಿಯ ಮುಂದೆ ಎರಡು ಮೆಟ್ಟಿಲು. ನಾಲ್ಕು ಜನ ಹಳೆಯ ಸಹೋದ್ಯೋಗಿಗಳು ಅಂಗಿಯ ತೋಳು ಮಡಿಚಿಕೊಂಡು ಓಡಿಬಂದರು. ಅವರ ಪ್ರೀತಿ ನಿಜವಾದದ್ದೇ. ಆ ಒಂದು ಸಲ ಎತ್ತಿಸಿಕೊಂಡೆ.

ರಾಯರು ಒಳ್ಳೆಯವರು. "ನಿಮ್ಮಂಥ ಗೆರೆ ಯಾರದೂ ಇಲ್ಲಮ್ಮ. ನಾಳೆಯಿಂದಲೇ ಬನ್ನಿ. ಬೆಳಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ ಎತ್ತಿದ್ರಾಯ್ತು. ಹುಡುಗರಿದಾರೆ," ಎಂದರು.

"ಮಧ್ಯಾಹ್ನ, ಸಾರ್?"

"ಮಧ್ಯಾಹ್ನ ಏನು?"

ಕೋಣೆಯಲ್ಲಿ ಐವರು ಗಂಡಸರಿದ್ದರು. ಹಿಂದಿನ ದಿನ ಕನ್ನಡಿಯ ಮುಂದೆ ಹೇಳಿ ಅಭ್ಯಾಸ ಮಾಡಿದ್ದೆ. ಈಗ ನಾಲಿಗೆ ಏಳಲಿಲ್ಲ. ಅಪ್ಪ ಬಾಯಿ ತೆರೆಯಲು ಹೊರಟ. ನಾನು ಅವನ ಕೈ ಹಿಡಿದು ತಡೆದೆ.

"ಸಾರ್, ಎಂಟು ಗಂಟೆ ಕೆಲಸ. ನಾನೂ ನೀರು ಕುಡಿಯೋ ಮನುಷ್ಯಳು. ನಾನು ಕಕ್ಕಸಿಗೆ ಹೋಗ್ಬೇಕು, ಒಬ್ಬಳೇ ಹೋಗ್ಬೇಕು. ಅಲ್ಲಿನ ಬಾಗಿಲು ಎರಡೂಕಾಲು ಅಡಿ. ನನ್ನ ಕುರ್ಚಿ ಹಿಡಿಯಲ್ಲ. ಆ ಅಳತೆ ನಂಗೆ ಗೊತ್ತು, ಯಾಕಂದ್ರೆ ಶಾಯಿಯಲ್ಲಿ ತಿದ್ದಿದೋಳು ನಾನೇ. ಆಗ ಅದೇನು ಅಂತ ಯೋಚ್ನೆ ಮಾಡಿರ್ಲಿಲ್ಲ."

ಒಬ್ಬರು ಕಿಟಕಿಯ ಹೊರಗೆ ನೋಡಿದರು. ನಾನು ಮಡಿಲಲ್ಲಿದ್ದ ಸುರುಳಿ ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಮೆಟ್ಟಿಲ ಪಕ್ಕ ಹನ್ನೆರಡಡಿ ಉದ್ದದ ಇಳಿಜಾರು, ಮುಂಬಾಗಿಲು, ಕಕ್ಕಸಿನ ಬಾಗಿಲು, ಒಳಗೆ ಗೋಡೆಗೊಂದು ಹಿಡಿಕಂಬಿ. ಎಲ್ಲದಕ್ಕೂ ಅಳತೆ ಬರೆದಿದ್ದೆ.

"ಒಬ್ಬರಿಗೋಸ್ಕರ ಗೋಡೆ ಒಡೆಯೋದಾ ಅಂತ ಮೇಲಿನೋರು ಕೇಳ್ತಾರಮ್ಮ," ಎಂದರು ರಾಯರು, ಮೆತ್ತಗೆ.

ಅಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಸ್ವಾಮಿ, ಬಾಗಿಲು ನಾನು ಕೂರಿಸ್ಕೊಡ್ತೀನಿ. ಅಗಲದ ಬಾಗಿಲಲ್ಲಿ ಎಲ್ರೂ ಓಗ್ಬೋದು. ಇವಳು ಓಗೋ ಬಾಗಿಲಲ್ಲಿ ನಿಮ್ಮ ಮೇಜೂ ಓಗ್ತದೆ. ನಾನು ಇಷ್ಟು ವರ್ಸ ಸಣ್ಣ ಬಾಗಿಲು ಮಾಡಿ ಮಾಡಿ ಎಷ್ಟು ಜನನ್ನ ಒಳಗೇ ಕೂರ್ಸಿದೀನೋ ಏನೋ."

ರಾಯರು ಕನ್ನಡಕ ಹಾಕಿಕೊಂಡರು. ಕೆಂಪು ಪೆನ್ಸಿಲು ಕೈಗೆತ್ತಿಕೊಂಡು, ಯಾವ ನಕ್ಷೆಯನ್ನಾದರೂ ಹೇಗೆ ನೋಡುತ್ತಿದ್ದರೋ ಹಾಗೆಯೇ ಗೆರೆ ಗೆರೆ ನೋಡತೊಡಗಿದರು. ಅವರು ನನ್ನ ಮುಖ ನೋಡದೆ ನಕ್ಷೆ ನೋಡಿದ್ದೇ ನನಗೆ ದೊಡ್ಡ ಮರ್ಯಾದೆಯಾಗಿತ್ತು.

"ಇಲ್ಲಿ, ಹಿಡಿ ಪಕ್ಕ ಒಂದೂವರೆ ಅಡಿ ಯಾಕೆ ಸುಮ್ಮನೆ ಬಿಟ್ಟಿದೀರಿ?"

"ಸಾರ್, ಒಂದು ಕುರ್ಚಿ ತಗೊಂಡು ಈ ಕೋಣೆ ಬಾಗಿಲ ಎದುರಿಗೆ ಕೂತ್ಕೊಳಿ. ಏಳದೆ ಅದನ್ನ ನಿಮ್ಮ ಕಡೆ ಎಳೆದು ತೆಗೀರಿ."

ಗುಂಡೂರಾಯರು ನಿಜವಾಗಿಯೂ ಕುರ್ಚಿ ಎಳೆದುಕೊಂಡು ಹೋಗಿ ಕುಳಿತರು. ಹಿಡಿ ಹಿಡಿದು ಎಳೆದರು. ಬಾಗಿಲು ಅವರ ಮಂಡಿಗೆ ಬಡಿದು ನಿಂತಿತು. ಮತ್ತೆ ಎಳೆದರು, ಮತ್ತೆ ಬಡಿಯಿತು. ಕುರ್ಚಿಯನ್ನು ಪಕ್ಕಕ್ಕೆ ಸರಿಸಲು ನೋಡಿದರೆ ಅಲ್ಲಿ ಗೋಡೆ. ಹುಡುಗರು ನಗು ತಡೆದುಕೊಂಡರು. ರಾಯರು ನಗಲಿಲ್ಲ. ಮಂಡಿ ತಿಕ್ಕಿಕೊಳ್ಳುತ್ತ ಎದ್ದು ಬಂದರು.

"ಮೂವತ್ತು ವರ್ಷದಿಂದ ಬಾಗಿಲು ಬರೀತಿದೀನಿ," ಎಂದರು. ನಕ್ಷೆಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಸಹಿ ಹಾಕಿದರು. "ಇದು ಟ್ರೇಸಿಂಗ್ ಅಲ್ಲ ಸರೋಜ, ನೀವೇ ಮಾಡಿದ ನಕ್ಷೆ. ಕೆಳಗೆ ನಿಮ್ಮ ಹೆಸರು ಬರೀರಿ."

ಟ್ರೇಸರ್‌ಗಳು ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಬರೆದೆ. ಆ ದಿನ ಮಾತ್ರ ನನ್ನ ಗೆರೆ ಸ್ವಲ್ಪ ನಡುಗಿತು.

ಅಪ್ಪ ಹದಿನೈದು ದಿನದಲ್ಲಿ ಬಾಗಿಲುಗಳನ್ನು ಕೂರಿಸಿದ. ಕೆಲಸದ ಮೊದಲ ದಿನ ಹನ್ನೊಂದು ಗಂಟೆಗೆ ಒಂದು ಚೊಂಬು ನೀರು ತರಿಸಿಕೊಂಡು, ಎಲ್ಲರೆದುರಿಗೆ, ಒಂದೇ ಉಸಿರಿಗೆ ಕುಡಿದೆ. ಕಾಯಿಲೆ ಬಿದ್ದಾಗಿನಿಂದ ಹೊರಗೆ ಎಲ್ಲಿ ಹೋದರೂ ನೀರು ಮುಟ್ಟುತ್ತಿರಲಿಲ್ಲ. ನೀರು ಕುಡಿಯುವುದರಲ್ಲಿ ಹೆಮ್ಮೆ ಏನು ಎಂದು ಕೇಳಬೇಡಿ, ಇತ್ತು.

ಮುಂದೆ ಕ್ವಾರ್ಟರ್ಸಿನ ಎಲ್ಲ ಮನೆಗಳನ್ನೂ ನಾನು ಬದಲಾಯಿಸಿದೆ ಎಂದರೆ ಸುಳ್ಳಾಗುತ್ತದೆ. ಹಲವು ಸಲ ಕೇಳಿದೆ, ಹಲವು ಸಲ "ಮುಂದಿನ ಸಲ ನೋಡೋಣ" ಎಂದರು. ಮಳೆಯಲ್ಲಿ ರಸ್ತೆಯ ಮೇಲೆ ಕೆಸರು ಹರಿದು ಎಷ್ಟೋ ದಿನ ಅಪ್ಪನೇ ತಳ್ಳಬೇಕಾಯಿತು. ಬೆನ್ನು ಈಗಲೂ ಚಳಿಗಾಲದಲ್ಲಿ ಹಿಡಿದುಕೊಳ್ಳುತ್ತದೆ. ಆದರೆ ಆ ದಶಕ ಮುಗಿಯುವ ಹೊತ್ತಿಗೆ, ಕ್ವಾರ್ಟರ್ಸ್ ನಡುವೆ ಒಂದು ಸಣ್ಣ ದವಾಖಾನೆ ಕಟ್ಟುವ ಕೆಲಸ ಬಂದಾಗ ರಾಯರು ಕರಡು ನಕ್ಷೆ ತಂದು ನನ್ನ ಹಲಗೆಯ ಮೇಲಿಟ್ಟರು. "ಬಾಗಿಲುಗಳ ಜಾಗ ಖಾಲಿ ಬಿಟ್ಟಿದೀನಿ. ನೀವು ಬರೀರಿ."

ದವಾಖಾನೆ ತೆರೆದು ಕೆಲವು ವಾರಗಳಾಗಿದ್ದವು. ಅವ್ವನ ಕೆಮ್ಮಿಗೆ ಔಷಧಿ ತರಲು ಹೋಗಿದ್ದೆ. ಜಗುಲಿಯ ನೆರಳಿನಲ್ಲಿ ಕುರ್ಚಿ ನಿಲ್ಲಿಸಿಕೊಂಡು ಸರದಿ ಕಾಯುತ್ತಿದ್ದೆ. ಇಳಿಜಾರಿನ ಕೆಳಗೆ ಗಾಲಿಕುರ್ಚಿಯಲ್ಲಿ ಒಬ್ಬ ಗಂಡಸು ಬಂದರು. ಮುಖ ಬಿಸಿಲಿಗೆ ಕಂದಿತ್ತು. ಜೊತೆಯಲ್ಲಿ ಹೆಂಡತಿ. ನನಗೆ ಅವರ ಪರಿಚಯವಿರಲಿಲ್ಲ. ಮನೆಯಲ್ಲಿ ಯಾವುದೋ ಚೀಟಿ ಮರೆತು ಬಂದದ್ದಕ್ಕೆ ಇಬ್ಬರಲ್ಲೂ ಜೋರು ಜಗಳ ನಡೆದಿತ್ತು.

"ಮೇಜಿನ ಮೇಲೆ ಇಡು ಅಂದ್ನೋ ಇಲ್ವೋ?"

"ಇಟ್ಟಿದ್ದೆ ಕಣ್ರೀ. ನೀವೇ ಅದ್ರ ಮೇಲೆ ಪೇಪರ್ ಹಾಕಿದ್ದು."

"ನಾನ್ ಯಾಕ್ ಹಾಕ್ಲಿ?"

ಹೀಗೆ ಬೈಯುತ್ತಲೇ ಅವರು ಎರಡೂ ಕೈಯಿಂದ ಚಕ್ರ ತಿರುಗಿಸಿಕೊಂಡು ಇಳಿಜಾರು ಏರಿದರು. ನಾನು ಖಾಲಿ ಬಿಟ್ಟಿದ್ದ ಒಂದೂವರೆ ಅಡಿ ಜಾಗಕ್ಕೆ ತಿರುಗಿ ಹಿಡಿ ಎಳೆದು ಬಾಗಿಲು ತೆರೆದರು, ನಿಲ್ಲದೆ ಒಳಗೆ ಹೋದರು. ಹೆಂಡತಿ ಒಂದು ಬೆರಳೂ ತಾಗಿಸಬೇಕಾಗಲಿಲ್ಲ. ಬಾಗಿಲ ಕಡೆ ಅವರು ಕಣ್ಣೆತ್ತಿ ಸಹ ನೋಡಲಿಲ್ಲ. ಒಳಗಿನಿಂದ ಜಗಳ ಇನ್ನೂ ಕೇಳಿಸುತ್ತಿತ್ತು. ನಾನು ಅಲ್ಲೇ ಕುಳಿತು, ನನ್ನ ಸರದಿ ಬಂದದ್ದೂ ತಿಳಿಯದೆ, ಅದನ್ನು ಸಂಗೀತದ ಹಾಗೆ ಕೇಳಿದೆ.